ವೃಶ್ಚಿಕಲಾಂಛನದ ಹೊಗೆಕೊಳವೆ

ವೇಗಕ್ಕೆಂದೇ ನಿರ್ಮಿತವಾದ ಮೋಟಾರು ಕಾರೊಂದನ್ನು ಕೊಂಡವನು, ಕಾರ್ಖಾನೆಯವರು ಎಷ್ಟೇ ಪರಿಶ್ರಮದಿಂದ ಅದರ ಅಂಗಾಂಗಗಳನ್ನು ಹೊಂದಿಸಿ ಕೊಟ್ಟಿದ್ದರೂ, ಅಲ್ಪಕಾಲದಲ್ಲಿಯೇ ಅದರ ಹೊಗೆಕೊಳವೆಯನ್ನು ಬಿಚ್ಚಿಸಿ ಬೇರೊಬ್ಬ ತಯಾರಕನ ಕೊಳವೆಯನ್ನು ಹಾಕಿಸಲು ಹೊರಡುವ ಪದ್ಧತಿಯು ಇಂದು ಲೋಕದ ದೊಡ್ಡ ನಗರಗಳಲ್ಲೆಲ್ಲ ಕಾಣಬರುವಂಥದು. ಟೈರನ್ನು ಸವೆದ ಮೇಲೆ ಬದಲಾಯಿಸುತ್ತಾರೆ, ದೀಪವನ್ನು ಒಡೆದ ಮೇಲೆ ಬದಲಾಯಿಸುತ್ತಾರೆ. ಸೈಲೆನ್ಸರನ್ನು ಮಾತ್ರ ಅದು ಹೊಚ್ಚ ಹೊಸದಾಗಿರುವಾಗ, ಯಾವ ದೋಷವೂ ತೋರದಿರುವಾಗಲೇ ಬದಲಾಯಿಸುತ್ತಾರೆ. ಇದನ್ನು ಯೌವನದ ಶಬ್ದಲೋಲುಪತೆಯೆಂದು ತಳ್ಳಿಹಾಕುವವರುಂಟು. ಅವರ ಮಾತಿನಲ್ಲಿ ಸತ್ಯಾಂಶವಿಲ್ಲದೆಯೂ ಇಲ್ಲ. ಆದರೆ ಈ ಪದ್ಧತಿಗೆ ನೂರು ವರ್ಷಗಳಿಗೆ ಮಿಗಿಲಾದ ಪೂರ್ವಚರಿತ್ರೆಯಿದೆ, ಅದರ ಹಿಂದೆ ಒಂದು ಶಾಸ್ತ್ರವಿದೆ, ಆ ಶಾಸ್ತ್ರವನ್ನೂ ಆ ಲೋಲುಪತೆಯನ್ನೂ ಒಂದೇ ಅಂಗಡಿಯ ಸರಕಾಗಿ ಮಾಡಿ ಮಾರಿದ ಒಬ್ಬ ಮಹಾಸಾಹಸಿಯಿದ್ದಾನೆ. ಇಟಲಿಯ ಟ್ಯೂರಿನ್ ನಗರದ ಕಾರ್ಲೊ ಅಬಾರ್ತನ ಕಸುಬನ್ನು ತಿಳಿದವನಿಗೆ, ಕೊಳವೆಯೊಂದನ್ನು ಆರಿಸುವಾಗ ಕಿವಿಗೆ ಎಷ್ಟು ಅಧಿಕಾರ ಕೊಡಬೇಕು, ಅಳತೆಗೋಲಿಗೆ ಎಷ್ಟು ಕೊಡಬೇಕು ಎಂಬ ವಿವೇಕವು ತಾನಾಗಿ ಒದಗುವುದೆಂದು ನನ್ನ ನಂಬಿಕೆ.

ಕೊಳವೆಯ ಕೆಲಸವು ಮೇಲುನೋಟಕ್ಕೆ ಅತ್ಯಲ್ಪವಾದುದು: ಎಂಜಿನ್ನಿನೊಳಗೆ ಉರಿದು ಮುಗಿದ ಅನಿಲವನ್ನು ಕಾರಿನ ಹಿಂಬದಿಗೆ ಸಾಗಿಸಿ ಹೊರಕ್ಕೆ ಬಿಡುವುದು. ಆದರೆ ಆ ಅನಿಲವು ಏಕಧಾರೆಯಾಗಿ ಹರಿಯತಕ್ಕದ್ದಲ್ಲ. ನಾಲ್ಕು ಸಿಲಿಂಡರುಗಳ ಸಾಮಾನ್ಯ ಎಂಜಿನ್ನೊಂದು ನಿಮಿಷಕ್ಕೆ 6000 ಸುತ್ತು ತಿರುಗುತ್ತಿರುವಾಗ ಅದರ ನಿರ್ಗಮನ ಕವಾಟಗಳಿಂದ ಸೆಕೆಂಡಿಗೆ 200 ಬಾರಿ ಒತ್ತಡದ ಆಘಾತಗಳು ಹೊರಬೀಳುತ್ತವೆ. ಒಂದೊಂದು ಆಘಾತವೂ ಬಿಸಿ ಅನಿಲದೊಳಗೆ ಸೆಕೆಂಡಿಗೆ 500 ಮೀಟರಿಗೂ ಮಿಗಿಲಾದ ವೇಗದ ಅಲೆಯಾಗಿ ಮುಂದಕ್ಕೆ ಸಾಗಿ, ಕೊಳವೆಯು ಎಲ್ಲಿ ಥಟ್ಟನೆ ಅಗಲವಾಗುವುದೋ ಅಥವಾ ಬಯಲಿಗೆ ಬಾಯಿ ತೆರೆಯುವುದೋ ಅಲ್ಲಿಂದ ಅದರ ಒಂದು ಭಾಗವು ತಿರುಗುಮುರುಗಾಗಿ, ಒತ್ತುವುದರ ಬದಲು ಸೆಳೆಯುವ ಅಲೆಯಾಗಿ ಹಿಂದಿರುಗುತ್ತದೆ. ನಿರ್ಗಮನ ಕವಾಟವು ಇನ್ನೇನು ಮುಚ್ಚಲಿರುವ, ಆಗಮನ ಕವಾಟವು ಆಗಲೇ ತೆರೆಯತೊಡಗಿರುವ ಆ ಕ್ಷಣಾಂಶದಲ್ಲಿ ಈ ಸೆಳೆತವು ಸಿಲಿಂಡರಿನ ಬಾಗಿಲಿಗೆ ಬಂದು ಮುಟ್ಟಿತಾದರೆ, ಅದು ಒಳಗೆ ಉಳಿದಿದ್ದ ದಗ್ಧಾನಿಲವನ್ನು ಎಳೆದುಹಾಕುವುದಲ್ಲದೆ ಹೊಸ ಗಾಳಿ ಪೆಟ್ರೋಲುಗಳ ಮಿಶ್ರಣವನ್ನೂ ಒಳಕ್ಕೆ ಬರಮಾಡಿಕೊಳ್ಳುತ್ತದೆ. ಕೊಳವೆ ಗಿಡ್ಡವಾದರೆ ಅಲೆ ಬೇಗ ಬರುವುದು, ಉದ್ದವಾದರೆ ತಡವಾಗಿ ಬರುವುದು. ಅಗಲದ ವಿಷಯವೂ ಹೀಗೆಯೇ: ಒಲೆಯ ಮುಂದೆ ಕುಳಿತ ಗೃಹಿಣಿಯ ಊದುಗೊಳವೆಯು ತೀರ ದಪ್ಪವಾದರೆ ಉಸಿರು ಚದರಿಹೋಗಿ ಕೆಂಡ ಅರಳದು, ತೀರ ಸಪೂರವಾದರೆ ಕೆನ್ನೆ ನೋಯುವುದೇ ಹೊರತು ಗಾಳಿ ಸಾಲದು. ದೊಡ್ಡ ಕೊಳವೆಯಿಂದ ದೊಡ್ಡ ಶಕ್ತಿ ಬರುವುದೆಂದು ತಿಳಿದು ಹಣ ತೆತ್ತು, ಊರೊಳಗಿನ ಓಡಾಟದಲ್ಲಿ ಮೊದಲಿದ್ದ ಎಳೆತವನ್ನೂ ಕಳೆದುಕೊಂಡವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ಈ ಸೂಕ್ಷ್ಮವು ಆದಿಯಲ್ಲಿ ಯಾರ ಲಕ್ಷ್ಯಕ್ಕೂ ಬಂದಿರಲಿಲ್ಲ. ಅಂದಿನವರ ಚಿಂತೆಯೆಲ್ಲ ಶಬ್ದದ್ದೇ ಆಗಿದ್ದಿತು. ಕುದುರೆ ಬೆದರುವುದು, ಮಗು ಎಚ್ಚರಗೊಳ್ಳುವುದು, ನೆರೆಯವರು ಶಪಿಸುವುದು. ಅಮೆರಿಕದ ಇಂಡಿಯಾನಾ ಪ್ರಾಂತದ ಕೊಲಂಬಸ್ ಎಂಬ ಊರಿನ ಮಿಲ್ಟನ್ ರೀವ್ಸ್ ಮತ್ತು ಮಾರ್ಷಲ್ ರೀವ್ಸ್ ಎಂಬ ಸೋದರರು ಎಂಜಿನ್ನಿನ ಹೊಗೆಯ ಸದ್ದನ್ನು ಅಡಗಿಸುವ ಸಾಧನವೊಂದಕ್ಕೆ 1897ರಲ್ಲಿ ಪೇಟೆಂಟು ಪಡೆದರು. ಮೋಟಾರು ಎಂಜಿನಿಯರನೂ ಆಗಿದ್ದ ಹೈರಮ್ ಪರ್ಸಿ ಮ್ಯಾಕ್ಸಿಮನು 1909ರಲ್ಲಿ ಬಂದೂಕಿನ ಶಬ್ದಹಾರಿಗೆ ಪೇಟೆಂಟು ಪಡೆದುದು ಇದೇ ವಿಚಾರಮಾರ್ಗದ ಇನ್ನೊಂದು ಕವಲು. ಅತಿವೇಗದಿಂದ ನುಗ್ಗುವ ಅನಿಲವನ್ನು ಕೋಣೆಗಳೊಳಗೆ ಸುತ್ತಾಡಿಸಿ, ತಣಿಸಿ, ಬಳಲಿಸಿ, ಕೊನೆಗೆ ಮೆಲ್ಲಗೆ ಹೊರಕ್ಕೆ ಬಿಡುವುದೇ ಎರಡರ ತತ್ತ್ವವೂ. ಆದರೆ ಅನಿಲವನ್ನು ಬಳಲಿಸುವ ಈ ಉಪಾಯವು ಎಂಜಿನ್ನನ್ನೂ ಅಷ್ಟಿಷ್ಟು ಬಳಲಿಸುತ್ತಿದ್ದಿತು. ಅದರಿಂದಲೇ ಆ ಕಾಲದ ಅನೇಕ ಕಾರುಗಳಲ್ಲಿ ಚಾಲಕನ ಕಾಲಿನ ಬಳಿ ಒಂದು ಸಣ್ಣ ಪೆಡಲನ್ನು ಇರಿಸುತ್ತಿದ್ದರು. ಏರು ಬಂದಾಗ ಅದನ್ನು ತುಳಿದರೆ ಸೈಲೆನ್ಸರಿಗೆ ಮುಂಚೆಯೇ ಒಂದು ಬಾಗಿಲು ತೆರೆದು ಹೊಗೆಯೆಲ್ಲ ನೇರವಾಗಿ ಬಯಲಿಗೆ ಬೀಳುತ್ತಿದ್ದಿತು. ಏರು ಮುಗಿದ ಮೇಲೂ ಆ ಪೆಡಲಿನ ಮೇಲಿಂದ ಕಾಲು ತೆಗೆಯದವರ ಸಂಖ್ಯೆ ಹೆಚ್ಚಿದಂತೆ ನಗರಗಳು ಒಂದೊಂದಾಗಿ ಅದನ್ನು ನಿಷೇಧಿಸಿದುವು. ಶಕ್ತಿಯ ನೆಪದಲ್ಲಿ ಶಬ್ದವನ್ನು ಸವಿಯುವ ಅಭ್ಯಾಸಕ್ಕೂ, ಅದರ ಬೆನ್ನಟ್ಟಿ ಬರುವ ಕಾಯಿದೆಗೂ ಅಲ್ಲಿಯೇ ನಾಂದಿಯಾಯಿತೆನ್ನಬೇಕು.

ಇಂಗ್ಲೆಂಡಿನ ವೇಬ್ರಿಜ್ ಬಳಿ ಹ್ಯೂ ಲಾಕ್ ಕಿಂಗ್ ಎಂಬ ಭೂಮಾಲಿಕನು ತನ್ನ ಎಸ್ಟೇಟಿನಲ್ಲಿಯೇ ಕಟ್ಟಿಸಿದ ಬ್ರೂಕ್‌ಲ್ಯಾಂಡ್ಸ್ ಪಂದ್ಯಪಥವು 1907ರ ಜೂನಿನಲ್ಲಿ ತೆರೆಯಿತು. ಅದೇ ತಿಂಗಳ ಕೊನೆಯಲ್ಲಿ ಎಸ್. ಎಫ್. ಎಡ್ಜ್ ಎಂಬಾತನು ನೇಪಿಯರ್ ಕಾರನ್ನೇರಿ ಹಗಲು ರಾತ್ರಿಯೆನ್ನದೆ 24 ಗಂಟೆಗಳ ಕಾಲ ಅಲ್ಲಿ ಸುತ್ತಿ, 1500 ಮೈಲಿಗೂ ಹೆಚ್ಚಿನ ದೂರವನ್ನು ಕ್ರಮಿಸಿದನು. ಪಂದ್ಯಪ್ರಿಯರಿಗೆ ಅದು ಮಹೋತ್ಸವವಾದರೆ ಸುತ್ತಮುತ್ತಲಿನ ನಿವಾಸಿಗಳಿಗೆ ನಿದ್ರಾಭಂಗವಾಯಿತು. ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಅಂದಿನಿಂದ ರಾತ್ರಿಯ ಓಟಕ್ಕೆ ಅಲ್ಲಿ ಅವಕಾಶವಿಲ್ಲದಂತಾಯಿತು. ಇಪ್ಪತ್ತುನಾಲ್ಕು ಗಂಟೆಗಳ ಪಂದ್ಯವನ್ನು ನಡೆಸಲೇಬೇಕೆಂದವರು ಮುಂದೆ ಅದನ್ನು ಎರಡು ಹಗಲುಗಳಿಗೆ ಹಂಚಿ, ಒಂದೊಂದು ದಿನ ಹನ್ನೆರಡು ಗಂಟೆಯಂತೆ ಓಡಿ, ನಡುವಣ ರಾತ್ರಿಯಲ್ಲಿ ಕಾರುಗಳನ್ನು ಬೀಗಮುದ್ರೆಯೊಳಗಿಟ್ಟು ನಡೆಸಬೇಕಾಯಿತು. 1920ರ ದಶಕದ ನಡುವೆ ಪಂದ್ಯದ ಕಾರುಗಳಿಗೂ ಮೋಟಾರು ಸೈಕಲ್ಲುಗಳಿಗೂ ನಿಯತವಾದ ಅಳತೆಯ ಸೈಲೆನ್ಸರು ಕಡ್ಡಾಯವಾಯಿತು. ಮೀನಿನ ಬಾಲದಂತೆ ಚಪ್ಪಟೆಯಾಗಿ ಹರಡಿದ ತುದಿಯುಳ್ಳ ಆ ದಪ್ಪ ಡಬ್ಬವನ್ನು ಸವಾರರು ಶಪಿಸುತ್ತಲೇ ತಗುಲಿಸಿಕೊಂಡರು. ಆದರೆ ಒಂದು ಉಪಕಾರವಾಯಿತು. ಶಬ್ದವನ್ನು ಕುಗ್ಗಿಸಿಯೂ ವೇಗವನ್ನು ಉಳಿಸಿಕೊಳ್ಳುವುದು ಹೇಗೆಂಬ ಪ್ರಶ್ನೆಯು ಮೊತ್ತಮೊದಲಿಗೆ ಪಂದ್ಯಗಾರನ ಅನ್ನದ ಪ್ರಶ್ನೆಯಾಯಿತು.

ಅಮೆರಿಕದ ಶ್ರೀಮಂತರಿಗೆ ಆ ವೇಳೆಗೆ ಕೊಳವೆಯು ಕಣ್ಣಿಗೂ ಒಡವೆಯಾಗಿತ್ತು. 1932ರ ಡ್ಯೂಸನ್‌ಬರ್ಗ್ ಎಸ್‌ಜೆ ಕಾರಿನಲ್ಲಿ ಬಾನೆಟ್ಟಿನ ಪಕ್ಕವನ್ನು ಸೀಳಿಕೊಂಡು ಹೊರಬರುವ ಹೊಳೆಹೊಳೆಯುವ ಬಾಗುಕೊಳವೆಗಳು ಅದರ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಇರುವುದರ ಚಿಹ್ನೆಯಾಗಿದ್ದುವು. ಸೂಪರ್‌ಚಾರ್ಜರ್ ಇಲ್ಲದ ಕಾರಿನವರೂ ಅವನ್ನು ಕೇಳಿ ಹಾಕಿಸಿಕೊಳ್ಳತೊಡಗಿದರು. ರೂಪದ ಮೋಹಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ.

ಇನ್ನು ಅಬಾರ್ತನ ವಿಷಯ. 1908ರ ನವೆಂಬರ್ 15ರಂದು ವಿಯೆನ್ನಾ ನಗರದಲ್ಲಿ ಕಾರ್ಲ್ ಎಂಬ ಹೆಸರಿನಿಂದ ಜನಿಸಿದ ಈತನ ತಂದೆ ಇಟಲಿಯ ಮೆರಾನೊ ಕಡೆಯವನು, ತಾಯಿ ಆಸ್ಟ್ರಿಯದವಳು. ಹುಟ್ಟಿದ ರಾಶಿ ವೃಶ್ಚಿಕ. ಮುಂದೆ ಆತನ ಸರಕಿನ ಮೇಲೆಲ್ಲ ಮೂಡಿದ ಚೇಳಿನ ಲಾಂಛನಕ್ಕೆ ಅದೇ ಮೂಲ. ತರುಣನಾಗಿದ್ದಾಗ ಆತನು ಮೋಟಾರು ಸೈಕಲ್ ಪಂದ್ಯಗಳಲ್ಲಿ ಹೆಸರಾಂತವನಾಗಿದ್ದನು. 1934ರಲ್ಲಿ ಪಕ್ಕದ ತೊಟ್ಟಿಲುಳ್ಳ ಮೋಟಾರು ಸೈಕಲ್ಲನ್ನೇರಿ, ಆಸ್ಟೆಂಡ್ ಮತ್ತು ವಿಯೆನ್ನಾಗಳ ನಡುವೆ, ಯೂರೋಪಿನ ಕೀರ್ತಿಯಾಗಿದ್ದ ಓರಿಯೆಂಟ್ ಎಕ್ಸ್‌ಪ್ರೆಸ್ ರೈಲಿನೊಡನೆ ಪಂಥ ಹೂಡಿ ಅದನ್ನು ಹಿಂದಿಕ್ಕಿದ ಸಂಗತಿಯು ಆತನ ಸ್ವಭಾವವನ್ನು ತಿಳಿಸತಕ್ಕದ್ದು. ದ್ವಿತೀಯ ಮಹಾಯುದ್ಧದ ಹೊಸ್ತಿಲಿನಲ್ಲಿ ಲ್ಯುಬ್ಲಿಯಾನಾದಲ್ಲಿ ನಡೆದ ಘೋರವಾದ ಅಪಘಾತವೊಂದು ಆತನ ಸವಾರಿಯ ಜೀವನವನ್ನು ಮುಗಿಸಿತು. ಯುದ್ಧದ ವರ್ಷಗಳನ್ನು ಆತನು ಆ ಊರಿನಲ್ಲಿಯೇ, ಯಂತ್ರಕಾರ್ಯದಲ್ಲಿ ಕಳೆದನು. ಸವಾರನ ದೇಹ ಸೋತ ಮೇಲೆ ಉಳಿದುದು ಅವನ ಕಿವಿ ಮತ್ತು ಕೈ, ಅವೆರಡೂ ಅಸಾಧಾರಣವಾಗಿದ್ದುವು.

ಯುದ್ಧಾನಂತರ ಇಟಲಿಯ ಪ್ರಜೆಯಾಗಿ ಕಾರ್ಲೊ ಎಂಬ ಹೆಸರನ್ನು ತಾಳಿದ ಆತನು, ಪಿಯೆರೊ ದುಸಿಯೊ ಎಂಬ ಉದ್ಯಮಿಯ ಚಿಸಿತಾಲಿಯಾ ಸಂಸ್ಥೆಯಲ್ಲಿ ಪಂದ್ಯವಿಭಾಗದ ನಾಯಕನಾದನು. ಪೋರ್ಷೆ ಕುಟುಂಬದ ಪರಿಚಯವು ಆತನಿಗಿದ್ದುದರಿಂದ, ಆ ಸಂಸ್ಥೆಗಾಗಿ ಪೋರ್ಷೆಯವರು ರೂಪಿಸುತ್ತಿದ್ದ ಮಹತ್ವಾಕಾಂಕ್ಷೆಯ ಪಂದ್ಯಕಾರಿನ ಯೋಜನೆಗೆ ಆತನೇ ಸೇತುವಾಗಿದ್ದನು. ಆ ಯೋಜನೆಯ ವೆಚ್ಚವೇ ಸಂಸ್ಥೆಯನ್ನು ನುಂಗಿತು. ದುಸಿಯೊ ಅರ್ಜೆಂಟೀನಕ್ಕೆ ತೆರಳಿದನು. ಅಬಾರ್ತನಿಗೆ ಸಲ್ಲಬೇಕಾದುದಕ್ಕೆ ಬದಲಾಗಿ ಕೆಲವು ಪಂದ್ಯಕಾರುಗಳೂ ಬಿಡಿಭಾಗಗಳೂ ದೊರೆತುವು. ಅಷ್ಟನ್ನೇ ಬಂಡವಾಳವಾಗಿಟ್ಟುಕೊಂಡು, ಅರ್ಮಾಂದೊ ಸ್ಕಲ್ಯಾರಿನಿ ಎಂಬುವನ ಹಣದ ನೆರವಿನಿಂದ, 1949ರ ಮಾರ್ಚ್ 31ರಂದು ಬೊಲೊನ್ಯ ನಗರದಲ್ಲಿ ಆತನು ತನ್ನ ಸಂಸ್ಥೆಯನ್ನು ಸ್ಥಾಪಿಸಿ, ಸ್ವಲ್ಪ ಕಾಲದಲ್ಲಿಯೇ ಅದನ್ನು ಟ್ಯೂರಿನ್ನಿಗೆ ಸಾಗಿಸಿದನು. ಮರುವರ್ಷ ಏಪ್ರಿಲ್ 10ರಂದು ಸಿಸಿಲಿ ದ್ವೀಪದ ಪಲೆರ್ಮೊ ಸಮೀಪದ ಮೊಂತೆ ಪೆಲ್ಲೆಗ್ರಿನೊ ಬೆಟ್ಟದೋಟದಲ್ಲಿ, ವೃದ್ಧನೂ ರೋಗಿಯೂ ಆಗಿದ್ದ ಪ್ರಖ್ಯಾತ ಪಂದ್ಯಚಾಲಕ ತಾತ್ಸಿಯೊ ನುವೊಲಾರಿಯು ಅಬಾರ್ತನ ಕಾರಿನಲ್ಲಿ ಓಡಿ ತನ್ನ ವರ್ಗದಲ್ಲಿ ಮೊದಲಿಗನಾದನು. ಆ ಮಹಾಪುರುಷನ ಕೊನೆಯ ಪಂದ್ಯ ಅದು. ಅಂಥ ಕೀರ್ತಿ ಬಂದಿತಾದರೂ ಕೀರ್ತಿಯಿಂದ ಕಾರ್ಮಿಕರ ಸಂಬಳವನ್ನು ಕೊಡಲಾಗದು. ಪಂದ್ಯಕ್ಕೆ ಹಣ ಬೇಕು. ಹಣಕ್ಕೆ ಮಾರತಕ್ಕ ಪದಾರ್ಥವೊಂದು ಬೇಕು. ಆ ಪದಾರ್ಥವೇ ಹೊಗೆಕೊಳವೆ.

ಅಂದಿನ ಇಟಲಿಯನ್ನು ನೆನೆಯಬೇಕು. ಯುದ್ಧದಿಂದ ಜರ್ಜರಿತವಾಗಿ ಎದ್ದುನಿಲ್ಲುತ್ತಿದ್ದ ಆ ದೇಶದಲ್ಲಿ ಮಧ್ಯಮವರ್ಗದವನ ಕಾರೆಂದರೆ, ಜನರು ಮುದ್ದಿನಿಂದ ತೊಪೊಲಿನೊ ಎಂದು ಕರೆಯುತ್ತಿದ್ದ, 1936ರಲ್ಲಿ ಹುಟ್ಟಿದ ಪುಟ್ಟ ಫಿಯಟ್ 500. ಅದರ ಎಂಜಿನ್ನು 569 ಸಿ.ಸಿ.; ಆದಿಯಲ್ಲಿ ಅದರ ಶಕ್ತಿ 13 ಅಶ್ವಶಕ್ತಿ; ಗರಿಷ್ಠ ವೇಗ ಗಂಟೆಗೆ 85 ಕಿಲೋಮೀಟರು. ಆದರೆ ಆ ಕಾರನ್ನು ಕೊಂಡ ಗುಮಾಸ್ತನೂ ಶಾಲಾ ಉಪಾಧ್ಯಾಯನೂ ಭಾನುವಾರ ಬಂದಿತೆಂದರೆ ಮಿಲ್ಲೆ ಮಿಲ್ಯಾ ಪಂದ್ಯದ ವಾರ್ತೆಯನ್ನು ಓದುತ್ತಿದ್ದವರೇ. ಫೆರಾರಿಯನ್ನು ಕೊಳ್ಳುವುದು ಅವರ ಏಳು ಜನ್ಮಕ್ಕೂ ಸಾಧ್ಯವಿರಲಿಲ್ಲ. ಎಂಜಿನ್ನನ್ನು ಬಿಚ್ಚಿ ಹೊಸ ಪಿಸ್ಟನ್ನುಗಳನ್ನು ಹಾಕಿಸುವುದೂ ಕೈಮೀರಿದ ವೆಚ್ಚವೇ. ಒಂದು ಮಧ್ಯಾಹ್ನದಲ್ಲಿ ಬಿಗಿಯಬಹುದಾದ, ತಿಂಗಳ ಉಳಿತಾಯದಿಂದ ಕೊಳ್ಳಬಹುದಾದ ಒಂದೇ ಒಂದು ಅಂಗವನ್ನು ಅಬಾರ್ತನು ಅವರ ಮುಂದಿಟ್ಟನು. ಅದನ್ನು ತಗುಲಿಸಿದ ಕೂಡಲೆ ಕಾರಿಗೆ ಅಲ್ಪಸ್ವಲ್ಪ ಚುರುಕು ಬರುತ್ತಿದ್ದಿತು. ಅದಕ್ಕಿಂತ ಮಿಗಿಲಾಗಿ, ಅದುವರೆಗೆ ಗೊಣಗುತ್ತಿದ್ದ ಎಂಜಿನ್ನು ಗಂಭೀರವಾದ ಕಂಠದಿಂದ ಮಾತಾಡತೊಡಗುತ್ತಿದ್ದಿತು.

ಆ ಕೊಳವೆಯ ರಚನೆಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಯುಕ್ತ. ಕಾರ್ಖಾನೆಯ ಸಾಮಾನ್ಯ ಸೈಲೆನ್ಸರಿನೊಳಗೆ ತಗಡಿನ ಅಡ್ಡಗೋಡೆಗಳಿದ್ದು, ಅನಿಲವು ಒಂದು ಕೋಣೆಯಿಂದ ಇನ್ನೊಂದಕ್ಕೆ ತಿರುಗಿ ತಿರುಗಿ ಹೋಗಬೇಕಾಗಿತ್ತು. ಅಬಾರ್ತನ ಡಬ್ಬದಲ್ಲಿ ಅನಿಲಕ್ಕೆ ನೇರವಾದ ದಾರಿ: ಮೈಯೆಲ್ಲ ಸಣ್ಣ ಸಣ್ಣ ರಂಧ್ರಗಳುಳ್ಳ ಒಳನಳಿಗೆ, ಅದರ ಸುತ್ತಲೂ ಬಿಸಿಯನ್ನು ತಾಳಬಲ್ಲ ಗಾಜಿನ ಎಳೆಗಳ ಒತ್ತಾದ ತುಂಬು, ಹೊರಗೆ ಕಪ್ಪು ಬಳಿದ ಉಕ್ಕಿನ ಕವಚ. ಅನಿಲವು ತಡೆಯಿಲ್ಲದೆ ನೇರವಾಗಿ ಸಾಗುತ್ತದೆ. ಶಬ್ದದ ಅಲೆಗಳಲ್ಲಿ ಕರ್ಕಶವಾದ ಮೇಲಿನ ಸ್ವರಗಳು ರಂಧ್ರಗಳ ಮೂಲಕ ಎಳೆಗಳೊಳಗೆ ಹೊಕ್ಕು ಅಲ್ಲಿಯೇ ಅಡಗುತ್ತವೆ. ಮಂದ್ರದ ಘೋಷವು ಮಾತ್ರ ಹೊರಗೆ ಉಳಿಯುತ್ತದೆ. ಕೊನೆಯಲ್ಲಿ ಕನ್ನಡಿಯಂತೆ ಮೆರುಗಿಟ್ಟ ಜೋಡಿ ತುದಿಗಳು. ಕಪ್ಪು ಮೈಗೆ ಬೆಳ್ಳನೆಯ ಬಾಯಿ. ಹಿಂದೆ ಬರುವ ಕಾರಿನವನು ದೂರದಿಂದಲೇ ಅದು ಯಾರ ಕೊಳವೆಯೆಂದು ಹೇಳಬಲ್ಲವನಾಗಿದ್ದನು. ನೇರನಳಿಗೆಯೂ ಎಳೆಗಳ ತುಂಬೂ ಅಬಾರ್ತನೊಬ್ಬನೇ ಕಂಡುಹಿಡಿದುವಲ್ಲ. ಆದರೆ ಪ್ರತಿಯೊಂದು ಜಾತಿಯ ಕಾರಿಗೂ ಬೇರೆ ಬೇರೆಯಾಗಿ ಉದ್ದವನ್ನೂ ವ್ಯಾಸವನ್ನೂ ಪರೀಕ್ಷಿಸಿ ಗೊತ್ತುಮಾಡಿ, ಆ ಕಾರಿನ ಹಳೆಯ ಬೋಲ್ಟುಗಳಿಗೇ ಸರಿಯಾಗಿ ಕೂರುವಂತೆ ಮಾಡಿ, ಸಾವಿರಗಟ್ಟಲೆಯಾಗಿ ತಯಾರಿಸಿದ ಶಿಸ್ತು ಆತನದು. ಕಾಲಕ್ರಮದಲ್ಲಿ ಫಿಯಟ್ಟಿಗಲ್ಲದೆ ಲಾನ್ಚಾ, ಆಲ್ಫಾ ರೋಮಿಯೊ, ಫೋಕ್ಸ್‌ವಾಗನ್ ಕಾರುಗಳಿಗೂ, ಪೋರ್ಷೆ 356ಕ್ಕೂ, ಕಡೆಗೆ ಫೆರಾರಿಗೂ ಆತನ ಕೊಳವೆಗಳು ಸಿದ್ಧವಾದುವು. ಸಮುದ್ರ ದಾಟಿ ಪರದೇಶಗಳಿಗೂ ಹೋದುವು.

ಆ ಸಂಪಾದನೆಯೆಲ್ಲ ಪಂದ್ಯಕ್ಕೆ ಹರಿಯಿತು. 1955ರಲ್ಲಿ ಫಿಯಟ್ 600 ಬಂದಿತು, 633 ಸಿ.ಸಿ. ಎಂಜಿನ್ನಿನ ಸಾಧು ಗಾಡಿ. ಮರುವರ್ಷವೇ ಅಬಾರ್ತನು ಅದನ್ನು 747 ಸಿ.ಸಿ.ಗೆ ಬೆಳೆಸಿ ಅದರ ಶಕ್ತಿಯನ್ನು ಸುಮಾರು ಇಮ್ಮಡಿ ಮಾಡಿದನು. ಇಡೀ ಕಾರನ್ನು ಕೊಳ್ಳಲಾಗದವನಿಗೆ ಮರದ ಪೆಟ್ಟಿಗೆಯೊಂದರಲ್ಲಿ ಬೇಕಾದ ಭಾಗಗಳನ್ನೆಲ್ಲ ಅಂದವಾಗಿ ಜೋಡಿಸಿ, ಕೊಳವೆಯ ಸಮೇತವಾಗಿ, ಮನೆಗೇ ಕಳುಹಿಸುತ್ತಿದ್ದನು. 1957ರ ಹೊಸ ಫಿಯಟ್ 500ರ 479 ಸಿ.ಸಿ.ಯ ಎರಡು ಸಿಲಿಂಡರುಗಳ ಎಂಜಿನ್ನಿನಿಂದ 1963ರ ವೇಳೆಗೆ 595 ಎಂಬ ಕಾರು ಹುಟ್ಟಿತು. ಅದರಲ್ಲಿ 27 ಅಶ್ವಶಕ್ತಿ. ಪಂದ್ಯದ ಸಣ್ಣ ಅಬಾರ್ತುಗಳು ಹಿಂಬದಿಯ ಎಂಜಿನ್ ಮುಚ್ಚಳವನ್ನು ಕಡ್ಡಿ ಕೊಟ್ಟು ಎತ್ತಿಯೇ ಓಡುತ್ತಿದ್ದುವು. ಎಂಜಿನ್ನಿಗೆ ತಂಪು ದೊರೆಯಲೆಂದು ಆರಂಭವಾದ ಆ ಕ್ರಮವು ಗಾಳಿಯ ಹರಿವಿಗೂ ಅನುಕೂಲವಾಯಿತು. ಸಣ್ಣ ಕಾರು ದೊಡ್ಡದನ್ನು ಸೋಲಿಸುವ ದೃಶ್ಯವನ್ನು ನೋಡಲು ಜನ ಮುಗಿಬಿದ್ದರು. ಫಿಯಟ್ ಸಂಸ್ಥೆಯು ಪ್ರತಿಯೊಂದು ವಿಜಯಕ್ಕೂ ಆತನಿಗೆ ಹಣ ಕೊಡುವ ಕರಾರನ್ನು ಮಾಡಿಕೊಂಡಿತು. 1965ರ ಅಕ್ಟೋಬರಿನಲ್ಲಿ, ಐವತ್ತಾರರ ವಯಸ್ಸಿನಲ್ಲಿ, ಇಕ್ಕಟ್ಟಾದ ಒಂಟಿಯಾಸನದ ದಾಖಲೆಯ ಕಾರಿನೊಳಗೆ ತನ್ನ ದೇಹ ಹಿಡಿಸಲೆಂದು ಸೇಬುಹಣ್ಣಿನ ಪಥ್ಯದಿಂದ ಸುಮಾರು 30 ಕಿಲೋ ತೂಕವನ್ನು ಇಳಿಸಿಕೊಂಡು, ಮೊಂಜಾ ಪಥದಲ್ಲಿ ತಾನೇ ಚಾಲನೆ ಮಾಡಿ ವೇಗವೃದ್ಧಿಯ ದಾಖಲೆಯನ್ನು ಸ್ಥಾಪಿಸಿದನು. ಅಪಘಾತವು ಕಸಿದುಕೊಂಡಿದ್ದ ಸವಾರಿಯನ್ನು ಆತನು ಕೊಳವೆಯ ಸಂಪಾದನೆಯಿಂದ ಮರಳಿ ಪಡೆದನೆಂದು ನನಗೆ ತೋರುತ್ತದೆ. 1971ರಲ್ಲಿ ಸಂಸ್ಥೆಯು ಫಿಯಟ್ಟಿನ ವಶವಾಯಿತು. 1979ರ ಅಕ್ಟೋಬರಿನಲ್ಲಿ, ಹುಟ್ಟಿದ ವಿಯೆನ್ನಾದಲ್ಲಿಯೇ ಆತನು ಕಾಲವಾದನು.

ಅಬಾರ್ತನಿಗೆ ಸಮಕಾಲೀನವಾಗಿ ಅಟ್ಲಾಂಟಿಕ್ಕಿನ ಆಚೆ, ಕ್ಯಾಲಿಫೋರ್ನಿಯದ ದಕ್ಷಿಣ ಭಾಗದಲ್ಲಿ, ಇದೇ ಕಸುಬು ಬೇರೊಂದು ಪ್ರಕೃತಿಯಿಂದ ಬೆಳೆಯಿತು. ಮುರಾಕ್, ಎಲ್ ಮಿರಾಜ್ ಮುಂತಾದ ಬತ್ತಿದ ಸರೋವರಗಳ ಚಪ್ಪಟೆ ಬಯಲುಗಳಲ್ಲಿ ತರುಣರು ಹಳೆಯ ಫೋರ್ಡುಗಳನ್ನು ಓಡಿಸುತ್ತಿದ್ದರು. 1937ರಲ್ಲಿ ಅವರ ಸಂಘಗಳೆಲ್ಲ ಸೇರಿ ಒಕ್ಕೂಟವನ್ನು ಕಟ್ಟಿಕೊಂಡುವು. 1932ರ ಫೋರ್ಡ್ ವಿ-8 ಎಂಜಿನ್ನು ಅಗ್ಗವೂ ಬಲಿಷ್ಠವೂ ಆಗಿತ್ತಾದರೂ ಅದರ ಹೊಗೆಯ ಮಾರ್ಗವು ದೋಷಯುಕ್ತವಾಗಿತ್ತು: ಪ್ರತಿ ಪಕ್ಕದ ನಡುವಣ ಎರಡು ಸಿಲಿಂಡರುಗಳಿಗೆ ಒಂದೇ ಬಾಗಿಲು, ಆ ಬಾಗಿಲಿಗೂ ಎಂಜಿನ್ನಿನ ಮೈಯೊಳಗಿಂದಲೇ ಸುತ್ತಿ ಬರುವ ಹಾದಿ. ಎರಡು ಪಕ್ಕಗಳ ಹೊಗೆಯನ್ನೂ ಒಂದೇ ಕೊಳವೆಗೆ ಸೇರಿಸುವ ಬದಲು ಪಕ್ಕಕ್ಕೊಂದು ಪೂರ್ಣ ಕೊಳವೆಯನ್ನು ಹಾಕುವುದು ಅವರ ಮೊದಲ ಸುಧಾರಣೆಯಾಯಿತು. ಬಾಗಿಲುಗಳ ಕೆಳಗೆ ಉದ್ದಕ್ಕೂ ಚಾಚಿದ ಕೊಳವೆಗಳ ಬಾಯಿಗೆ ಮುಚ್ಚಳ ಹಾಕಿ ರಸ್ತೆಯಲ್ಲಿ ಸಭ್ಯರಾಗಿ ಬಂದು, ಬಯಲಿನಲ್ಲಿ ಮುಚ್ಚಳ ಬಿಚ್ಚಿ ಓಡುವುದು ಇನ್ನೊಂದು ಉಪಾಯ. ಗಾಜಿನ ಎಳೆ ತುಂಬಿದ ನೇರನಳಿಗೆಯ ಡಬ್ಬಗಳು ಅಲ್ಲಿಯೂ ಪ್ರಚಾರಕ್ಕೆ ಬಂದುವು. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ ಆರಂಭಿಸಿದ ‘ಹಾಟ್ ರಾಡ್’ ಪತ್ರಿಕೆಯು ಆ ಬಯಲಿನ ವಿದ್ಯೆಯನ್ನು ದೇಶದ ಮೂಲೆಮೂಲೆಗೂ ಮುಟ್ಟಿಸಿತು. 1954ರಲ್ಲಿ ಬಾಬ್ ಹೆಡ್‌ಮನ್ ಸ್ಥಾಪಿಸಿದಂಥ ಸಂಸ್ಥೆಗಳು ಪ್ರತಿ ಸಿಲಿಂಡರಿಗೂ ಒಂದೊಂದು ಬಾಗುಕೊಳವೆಯುಳ್ಳ ಹೆಡರುಗಳನ್ನು ಮಾರತೊಡಗಿದುವು. ಅಬಾರ್ತನದು ಪ್ರಯೋಗಶಾಲೆಯ ಶಿಸ್ತು. ಇವರದು ಬಯಲಿನ ಅನುಭವ. ಎರಡಕ್ಕೂ ಬೇಕಾಗಿದ್ದ ಗಣಿತವನ್ನು 1960ರ ದಶಕದ ಆದಿಯಲ್ಲಿ ಫಿಲಿಪ್ ಸ್ಮಿತ್ ಮತ್ತು ಜಾನ್ ಮಾರಿಸನ್ ಎಂಬ ಆಂಗ್ಲರು ಒಂದು ಗ್ರಂಥದಲ್ಲಿ ಕೂಡಿಸಿಟ್ಟರು.

ವಿಷಯಾಂತರವಾದರೂ ಇಲ್ಲಿಯೇ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಪೂರ್ವ ಜರ್ಮನಿಯ ತ್ಸೊಪಾವ್ ಎಂಬ ಊರಿನಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರನು ಎಂಜೆಡ್ ಮೋಟಾರು ಸೈಕಲ್ಲುಗಳ ಟೂ ಸ್ಟ್ರೋಕ್ ಎಂಜಿನ್ನಿಗೆ, ನಡುವೆ ಉಬ್ಬಿ ಕೊನೆಗೆ ಕಿರಿದಾಗುವ ಕೊಳವೆಯನ್ನು ಸಿದ್ಧಿಗೆ ತಂದಿದ್ದನು. ಹೊರಗೆ ನುಸುಳಿದ ಹೊಸ ಮಿಶ್ರಣವನ್ನು ಹಿಂದಿರುಗುವ ಅಲೆಯೇ ಸಿಲಿಂಡರಿನೊಳಕ್ಕೆ ನೂಕುತ್ತಿದ್ದಿತು. ಆತನ ಸವಾರ ಎರ್ನ್‌ಸ್ಟ್ ಡೆಗ್ನರನು 1961ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಪಂದ್ಯದ ಸಮಯದಲ್ಲಿ ಪಶ್ಚಿಮಕ್ಕೆ ಪಲಾಯನ ಮಾಡಿ ಈ ಜ್ಞಾನವನ್ನು ಜಪಾನಿನ ಸುಜುಕಿಗೆ ಒಯ್ದನು. ಮರುವರ್ಷವೇ ಸುಜುಕಿಯ ಮೇಲೆ 50 ಸಿ.ಸಿ. ವರ್ಗದ ವಿಶ್ವವಿಜೇತನಾದನು. ತಗಡಿನ ಉಬ್ಬುತಗ್ಗಿನ ಆಕಾರವೊಂದು ರಾಷ್ಟ್ರದ ರಹಸ್ಯವಾಗಬಲ್ಲಷ್ಟು ಬೆಲೆಯುಳ್ಳದ್ದೆಂದ ಮೇಲೆ, ಕೊಳವೆಯು ಬರಿಯ ಕೊಳವೆಯಲ್ಲವೆಂಬುದಕ್ಕೆ ಬೇರೆ ಪ್ರಮಾಣವೇಕೆ? ಅದೇ 1961ರಲ್ಲಿ ನಮ್ಮ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು ಟೂ ಸ್ಟ್ರೋಕ್ ಮೋಟಾರು ಸೈಕಲ್ಲುಗಳನ್ನು ತಯಾರಿಸತೊಡಗಿದುದು. ಒಂದೇ ಸಿಲಿಂಡರಿಗೆ ಎಡಬಲಗಳಲ್ಲಿ ಎರಡು ಸೈಲೆನ್ಸರುಗಳಿದ್ದ ಆ ಜಾವಾದ ಸ್ವರವನ್ನು ಮೈಸೂರು ಸೀಮೆಯ ಒಂದು ಪೀಳಿಗೆಯೇ ಮೂರು ಬೀದಿಯಾಚೆಯಿಂದ ಗುರುತಿಸುತ್ತಿದ್ದಿತು.

ಕಾರಿನ ಮಟ್ಟಿಗೆ ಹೇಳುವುದಾದರೆ, ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯ ಮೂಲಕ ಫಿಯಟ್ 1100 ನಮ್ಮ ಮನೆಗಳಿಗೆ ಬಂದಿತು. ಮದರಾಸಿನ ಬಳಿಯ ಶೋಲಾವರಂ ವಿಮಾನಪಥದ ಪಂದ್ಯಗಳಲ್ಲಿ ಓಡಿತು. ಪದ್ಮಿನಿ ಎಂಬ ಹೆಸರನ್ನು ತಾಳಿ ಬಹುಕಾಲ ಬಾಳಿತು. ಆಮದಿನ ನಿರ್ಬಂಧವಿದ್ದ ಆ ದಿನಗಳಲ್ಲಿ ಟ್ಯೂರಿನ್ನಿನ ಕೊಳವೆಯನ್ನು ತರಿಸುವುದು ಸುಲಭವಾಗಿರಲಿಲ್ಲವಾದ್ದರಿಂದ ಇಲ್ಲಿನ ಗ್ಯಾರೇಜಿನವರೇ ವಿಶ್ವಕರ್ಮರಾದರು. ಬೆಂಗಳೂರಿನ ಜೆ. ಸಿ. ರಸ್ತೆಯ ಒಳಓಣಿಗಳಲ್ಲಿ ಆ ಪರಂಪರೆಯ ಕೆಲಸವನ್ನು ನಾನು ನೋಡಿದ್ದೇನೆ. ಕುಶಲಿಯಾದ ಮೇಸ್ತ್ರಿಯು ಮೊದಲು ಹಳೆಯ ಬೆಂಡ್ ಪೈಪಿನ ಬಾಯಿಗೆ ಬೆರಳು ಹಾಕಿ ಮಸಿಯನ್ನು ತೆಗೆದು ನೋಡುತ್ತಾನೆ; ಒಣಗಿದ ಬೂದುಬಣ್ಣವಾದರೆ ಎಂಜಿನ್ನು ಆರೋಗ್ಯವಾಗಿದೆ, ಎಣ್ಣೆಯ ಜಿಡ್ಡಾದರೆ ಪಿಸ್ಟನ್ ರಿಂಗು ಸವೆದಿದೆ, ಕೊಳವೆಯ ಮಾತನ್ನು ಆಮೇಲೆ ಆಡೋಣ ಎನ್ನುತ್ತಾನೆ. ಅನಂತರ ಒಳವ್ಯಾಸವನ್ನು ಅಳೆದು, ಬಾಗುಗಳಲ್ಲಿ ಕೊಳವೆ ನೆಗ್ಗದಿರುವಂತೆ ಒಣಮರಳನ್ನು ತುಂಬಿ, ಬಾಯಿಗಳನ್ನು ಬಿಗಿದು, ಕೆಂಪಗೆ ಕಾಯಿಸಿ ಮೆಲ್ಲಮೆಲ್ಲನೆ ಬಗ್ಗಿಸುತ್ತಾನೆ. ಬಾಗಿನಲ್ಲಿ ನೆಗ್ಗಿದ ಕೊಳವೆಯು ಹೊರಗಿನಿಂದ ಎಷ್ಟು ಹೊಳೆದರೂ ಅನಿಲಕ್ಕೆ ಕುತ್ತಿಗೆ ಹಿಸುಕಿದಂತೆಯೇ ಸರಿ.

ಆಯ್ಕೆ ಮಾಡುವವನಿಗೆ ಈ ಮೇಸ್ತ್ರಿಯ ಕ್ರಮಕ್ಕಿಂತ ಒಳ್ಳೆಯ ಮಾರ್ಗದರ್ಶನವು ದೊರೆಯದೆಂದು ನನ್ನ ಅಭಿಪ್ರಾಯ. ಕಾರನ್ನು ಎಲ್ಲಿ ಓಡಿಸುತ್ತೇನೆಂಬುದು ಮೊದಲ ಪ್ರಶ್ನೆ. ನಾಲ್ಕು ಸಿಲಿಂಡರುಗಳ ಕೊಳವೆಗಳೂ ನೇರವಾಗಿ ಒಂದರಲ್ಲಿ ಕೂಡಿದರೆ ಅತಿವೇಗದ ಸುತ್ತುಗಳಲ್ಲಿ ಲಾಭ. ಎರಡೆರಡಾಗಿ ಕೂಡಿ ಆಮೇಲೆ ಒಂದಾದರೆ ನಡುವಣ ಸುತ್ತುಗಳಲ್ಲಿ ಎಳೆತ ಹೆಚ್ಚು. ಘಾಟಿ ರಸ್ತೆಯಲ್ಲಿ ಓಡಾಡುವವನಿಗೆ ಎರಡನೆಯದೇ ಮೇಲು. ಟರ್ಬೊ ಇರುವ ಎಂಜಿನ್ನಿಗೆ, ಟರ್ಬೊದ ಗಾಲಿಯನ್ನು ತಿರುಗಿಸಿ ಹೊರಬಂದ ಅನಿಲಕ್ಕೆ ಮುಂದೆ ತಡೆ ಕಡಮೆಯಾದಷ್ಟೂ ಒಳ್ಳೆಯದಾದ್ದರಿಂದ, ಅಲ್ಲಿ ಮಾತ್ರ ಅಗಲವಾದ ಕೊಳವೆಯು ನಿಜವಾಗಿಯೂ ಫಲ ಕೊಡುತ್ತದೆ. ಲೋಹದ ವಿಷಯದಲ್ಲಿ, ಸಾಮಾನ್ಯ ಉಕ್ಕು ಒಳಗಿನ ತೇವದಿಂದ ಬೇಗ ತುಕ್ಕು ಹಿಡಿಯುವುದು. ಸ್ಟೇನ್‌ಲೆಸ್ ಸ್ಟೀಲು ಬಹುಕಾಲ ಬಾಳುವುದು. ಟೈಟೇನಿಯಮ್ಮು ಅತ್ಯಂತ ಹಗುರವಾಗಿ, ಕಾವು ತಗುಲಿದೆಡೆ ನೀಲಿ ನೇರಳೆ ಬಣ್ಣಗಳನ್ನು ತಾಳಿ ಕಣ್ಣಿಗೂ ಹಬ್ಬವಾಗುವುದು, ಆದರೆ ಬೆಲೆಯು ಎಲ್ಲರಿಗೂ ಎಟುಕತಕ್ಕದ್ದಲ್ಲ. ಇವುಗಳನ್ನೆಲ್ಲ ನಿಷ್ಕರ್ಷಿಸಿದ ಮೇಲೆ ಸ್ವರದ ಆಯ್ಕೆಗೆ ಕಿವಿಯನ್ನು ಕರೆಯಬೇಕು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಕಾರಿನೊಳಗೆ ತುಂಬಿ ಕಿವಿಗೆ ಗುಂಯ್ ಎನ್ನುವ ಮಂದ್ರನಾದವೊಂದುಂಟು. ಅಂಗಡಿಯ ಮುಂದೆ ನಿಂತು ಕೇಳಿದವನಿಗೆ ಅದು ತಿಳಿಯುವುದೇ ಇಲ್ಲ, ಮೈಸೂರು ಮುಟ್ಟುವಷ್ಟರಲ್ಲಿ ತಲೆನೋವಾಗಿ ತಿಳಿಯುತ್ತದೆ.

ಕಾಯಿದೆಯೂ ಈ ಚರಿತ್ರೆಯ ಪಾತ್ರವೇ. ಅಮೆರಿಕದಲ್ಲಿ 1975ರ ಮಾದರಿಗಳಿಂದ ವಿಷಾನಿಲವನ್ನು ಪರಿವರ್ತಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೊಳವೆಯ ಮಾರ್ಗದಲ್ಲಿ ಸ್ಥಾನ ಪಡೆದ ಮೇಲೆ, ಬದಲಿ ಕೊಳವೆಯ ತಯಾರಕರು ಅದರ ಹಿಂದಿನ ಭಾಗವನ್ನಷ್ಟೇ ಮುಟ್ಟತಕ್ಕವರಾದರು. ನಮ್ಮಲ್ಲಿ 1988ರ ಮೋಟಾರು ವಾಹನ ಅಧಿನಿಯಮವು ತಯಾರಕನ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 1989ರ ಕೇಂದ್ರ ನಿಯಮಗಳು ಪ್ರತಿ ವಾಹನಕ್ಕೂ ಸೈಲೆನ್ಸರು ಇರಲೇಬೇಕೆಂದು ವಿಧಿಸುತ್ತವೆ. 2019ರ ತಿದ್ದುಪಡಿಯ ಬಳಿಕ ಶಬ್ದದ ಮಿತಿಯನ್ನು ಮೀರಿದವನಿಗೆ 10,000 ರೂಪಾಯಿಯವರೆಗೆ ದಂಡವನ್ನೂ ಮೂರು ತಿಂಗಳವರೆಗೆ ಸೆರೆಯನ್ನೂ ವಿಧಿಸಬಹುದಾಗಿದೆ. ಕರ್ನಾಟಕದ ಹಲವು ನಗರಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಕರ್ಕಶ ಸೈಲೆನ್ಸರುಗಳನ್ನು ರಸ್ತೆಯ ಮೇಲೆ ಸಾಲಾಗಿ ಮಲಗಿಸಿ ರೋಡ್ ರೋಲರ್ ಹಾಯಿಸಿದ್ದಾರೆ. ಆಸ್ಪತ್ರೆಯ ಮಗ್ಗುಲಲ್ಲಿ ನಡುರಾತ್ರಿ ಸಿಡಿಲಿನಂತೆ ಸಿಡಿಯುವ ಕೊಳವೆಗಳಿಗೆ ಆ ಗತಿ ನ್ಯಾಯವೇ. ಅವುಗಳಲ್ಲಿ ಬಹುಪಾಲು, ಒಳಗಿನ ತುಂಬನ್ನು ಕಿತ್ತೆಸೆದ ಖಾಲಿ ಡಬ್ಬಗಳು. ಅವುಗಳಿಂದ ಶಕ್ತಿಯು ಕಿಂಚಿತ್ತಾದರೂ ಹೆಚ್ಚಿತೆಂದು ಪರೀಕ್ಷಿಸಿ ತೋರಿಸಿದವರಿಲ್ಲ. ಅಬಾರ್ತನ ಪರಂಪರೆಗೂ ಅವಕ್ಕೂ ಯಾವ ಸಂಬಂಧವೂ ಇಲ್ಲವೆಂದು ನಾನು ಒತ್ತಿ ಹೇಳುತ್ತೇನೆ.

ಆ ಪರಂಪರೆಯ ನಿಜವಾದ ಉತ್ತರಾಧಿಕಾರಿಯು ಹುಟ್ಟಿದುದು, ಅಬಾರ್ತನು ಯುದ್ಧದ ವರ್ಷಗಳನ್ನು ಕಳೆದ ಲ್ಯುಬ್ಲಿಯಾನಾಗೆ ದೂರವಲ್ಲದ ಇವಾನ್ಚನಾ ಗೊರಿತ್ಸಾದಲ್ಲಿ ಎಂಬುದು ಚರಿತ್ರೆಯ ಸೊಗಸಾದ ಯೋಗಾಯೋಗ. ಇಗೊರ್ ಅಕ್ರಪೊವಿಚ್ ಎಂಬ ಮಾಜಿ ಮೋಟಾರು ಸೈಕಲ್ ಪಂದ್ಯಗಾರನು 1990ರಲ್ಲಿ ಅಲ್ಲಿ ಕೊಳವೆಯ ಕಾರ್ಖಾನೆಯನ್ನು ಸ್ಥಾಪಿಸಿ ಅದಕ್ಕೆ ಇಟ್ಟ ಮೊದಲ ಹೆಸರು ಸ್ಕಾರ್ಪಿಯನ್. ಹೆಸರು ಬದಲಾದ ಮೇಲೆಯೂ ಚೇಳಿನ ಚಿಹ್ನೆಯು ಅದರ ಮುದ್ರೆಯಲ್ಲಿ ಉಳಿದಿದೆ. ಆತನೂ ಸವಾರಿಯನ್ನು ಬಿಟ್ಟು ಕೊಳವೆಗೆ ಬಂದವನು. ಆತನೂ ಪಂದ್ಯಪಥದಲ್ಲಿ ಅಳೆದು ಬೀದಿಗೆ ಮಾರಿದವನು. 2014ರಲ್ಲಿ ಫಿಯಟ್ಟಿನವರು ಅಬಾರ್ತನ ಹೆಸರಿನಲ್ಲಿ 695 ಬಿಪೊಸ್ತೊ ಎಂಬ ಎರಡಾಸನದ ಉಗ್ರವಾದ ಪುಟ್ಟ ಕಾರನ್ನು ಹೊರತಂದಾಗ, ಅದಕ್ಕೆ ಹೊಗೆಕೊಳವೆಯನ್ನು ತರಿಸಿದುದು ಅಕ್ರಪೊವಿಚ್ಚನಿಂದಲೇ. ಲೋಕಕ್ಕೆಲ್ಲ ಕೊಳವೆ ಮಾರಿದವನ ಹೆಸರನ್ನು ಹೊತ್ತ ಕಾರಿಗೆ ಇನ್ನೊಬ್ಬನ ಕೊಳವೆ ಬಂದುದನ್ನು ಕಂಡು ಮರುಗಿದವರುಂಟು. ಉತ್ತಮವಾದುದನ್ನು ಎಲ್ಲಿದ್ದರೂ ತರುವ ಆ ನಿಷ್ಠುರತೆಯು ಅಬಾರ್ತನಿಗೆ ಒಪ್ಪುತ್ತಿದ್ದಿತೆಂದು ನಾನು ಬಗೆಯುತ್ತೇನೆ.

2023ರಲ್ಲಿ ಮಾರಾಟಕ್ಕೆ ಬಂದ ಅಬಾರ್ತ್ 500ಇ ವಿದ್ಯುತ್ತಿನ ಕಾರಿನಲ್ಲಿ ದಹನವಿಲ್ಲ, ಹೊಗೆಯಿಲ್ಲ, ಆದ್ದರಿಂದ ಕೊಳವೆಯೂ ಇಲ್ಲ. ಅದರ ಹಿಂಬದಿಯ ಅಡಿಯಲ್ಲಿ ಧ್ವನಿವರ್ಧಕವೊಂದನ್ನು ಜೋಡಿಸಿ, ಪೆಟ್ರೋಲ್ ಅಬಾರ್ತಿನ ಘೋಷವನ್ನು ವೇಗಕ್ಕೆ ಅನುಸಾರವಾಗಿ ಹೊರಡಿಸುತ್ತಾರೆ. ಆ ಸ್ವರವನ್ನು ಸಿದ್ಧಪಡಿಸಲು 6000 ಗಂಟೆಗಳು ಹಿಡಿದುವೆಂದು ತಯಾರಕರೇ ಹೇಳಿಕೊಂಡಿದ್ದಾರೆ. ಬೇಡವಾದವನು ಕಾರನ್ನು ನಿಲ್ಲಿಸಿ ಅದನ್ನು ಆರಿಸಬಹುದು. ಶ್ರಮವನ್ನು ನಾನು ಗೌರವಿಸುತ್ತೇನೆ. ಆದರೆ ಟ್ಯೂರಿನ್ನಿನ ಕಪ್ಪು ಡಬ್ಬದಲ್ಲಿ ಶಬ್ದವು ಕೆಲಸದಿಂದ ಹುಟ್ಟಿದ್ದಿತು, ಇಲ್ಲಿ ಕೆಲಸವಿಲ್ಲದೆ ಶಬ್ದವೊಂದೇ ಉಳಿದಿದೆ. ಹಳೆಯ 600ನ್ನೋ 500ನ್ನೋ ಜೀರ್ಣೋದ್ಧಾರ ಮಾಡುವ ಯೂರೋಪಿನ ಸಂಗ್ರಾಹಕರು ಈಗಲೂ ಆ ಕಾಲದ ಅಳತೆಗಳಿಗೇ ಸರಿಯಾಗಿ ತಯಾರಾದ ಕಪ್ಪು ಮೈಯ, ಜೋಡಿ ತುದಿಗಳ ಕೊಳವೆಯನ್ನು ಹುಡುಕಿ ತರಿಸಿ, ಅದೇ ಹಳೆಯ ಬೋಲ್ಟುಗಳಿಗೆ ಬಿಗಿಯುತ್ತಾರೆ. ಒಳವ್ಯಾಸವು ಒಂದೆರಡು ಮಿಲಿಮೀಟರ್ ಹೆಚ್ಚಾಗಿದ್ದರೂ ಹಿಂದಕ್ಕೆ ಕಳುಹಿಸುವವರು ಅವರಲ್ಲಿದ್ದಾರೆ.